ಕಂಪನದಿಂದ ಸ್ಪ್ರಿಂಗ್‌ಗಳ ಬಿಗಿ ಕಂಡುಹಿಡಿಯುವುದು ಹೇಗೆ?

ಸ್ಪ್ರಿಂಗ್ ಕೊಟ್ಟು ಆವೃತ್ತಿ ಕೇಳುವ ಲೆಕ್ಕವನ್ನು ಭೌತಶಾಸ್ತ್ರ ಓದಿದವರೆಲ್ಲ ಮಾಡಿರುತ್ತಾರೆ. ನನಗೆ ಪ್ರಿಯವಾದದ್ದು ಅದರ ವಿಲೋಮ: ಆವೃತ್ತಿ ಅಳೆದು ಸ್ಪ್ರಿಂಗ್‌ನ ಬಿಗಿ (ಮೀಟರ್ ಹಿಗ್ಗಿಗೆ ಬೇಕಾಗುವ ಬಲ) ಹೇಳುವುದು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಎರಡು ಡಬ್ಬಿಗಳಿಂದ ಮಾಡಿಸುತ್ತೇನೆ.

ಗಟ್ಟಿ ಕೊಂಡಿಗೆ ಹಗುರವಾದ ಒಂದು ಸ್ಪ್ರಿಂಗ್, ಅದಕ್ಕೆ ಮರಳು ತುಂಬಿದ ಡಬ್ಬಿ, ಅದರ ಕೆಳಗೆ ಇನ್ನೊಂದು ಸ್ಪ್ರಿಂಗ್, ಇನ್ನೊಂದು ಡಬ್ಬಿ. ಕೆಳಗಿನ ಡಬ್ಬಿಗೆ ಮೊಬೈಲನ್ನು ಬಿಗಿಯಾಗಿ ಕಟ್ಟಿ. ಯಾವ ಕಂಪನದಲ್ಲೂ ತುದಿಯ ಡಬ್ಬಿ ಸುಮ್ಮನೆ ನಿಲ್ಲುವುದಿಲ್ಲ. ಮೊಬೈಲ್ ಸೇರಿ ಅದು 1 ಕಿಲೋ ತೂಗಬೇಕು, ಮೇಲಿನದೂ 1 ಕಿಲೋ. ಗುರುತ್ವದ ಚಿಂತೆ ಬೇಡ. ಅದು ಸಮತೋಲನದ ಜಾಗವನ್ನು ಕೆಳಗಿಳಿಸುತ್ತದೆಯೇ ಹೊರತು ಆವೃತ್ತಿಯನ್ನು ಬದಲಿಸುವುದಿಲ್ಲ.

ಕೆಳಗಿನ ಡಬ್ಬಿಯನ್ನು ತುಸು ಎಳೆದು ಬಿಡಿ. ವೇಗೋತ್ಕರ್ಷದ ರೋಹಿತ (ಯಾವ ಆವೃತ್ತಿಯ ಕಂಪನ ಎಷ್ಟಿದೆ ಎನ್ನುವ ನಕ್ಷೆ) ತೋರಿಸುವ ಆ್ಯಪ್‌ನಲ್ಲಿ 20 ಸೆಕೆಂಡು ದಾಖಲಿಸಿದರೆ ಎರಡು ಶಿಖರಗಳು ಏಳುತ್ತವೆ. ಅವು 1.59 ಮತ್ತು 3.90 ಹರ್ಟ್ಸ್ ಎನ್ನೋಣ. ಪ್ರತಿಯೊಂದನ್ನೂ 6.28ರಿಂದ ಗುಣಿಸಿ ವರ್ಗ ಮಾಡಿದರೆ ಸುಮಾರು 100 ಮತ್ತು 600.

ಮೇಲಿನ ಸ್ಪ್ರಿಂಗ್‌ನ ಬಿಗಿ ಕ, ಕೆಳಗಿನದರದ್ದು ಖ ಆಗಿರಲಿ. ಎರಡೂ ಡಬ್ಬಿಗಳಿಗೆ ನ್ಯೂಟನ್ ನಿಯಮ ಬರೆದರೆ ಪರಸ್ಪರ ಹೆಣೆದುಕೊಂಡ ಎರಡು ಅವಕಲ ಸಮೀಕರಣಗಳು ಸಿಗುತ್ತವೆ. ಅವುಗಳ ಪ್ರಕಾರ ನಮ್ಮ ಎರಡು ಸಂಖ್ಯೆಗಳ ಮೊತ್ತ ಕ + 2ಖ, ಗುಣಲಬ್ಧ ಕ × ಖ. ಅಂದರೆ ಕ + 2ಖ = 700, ಕ × ಖ = 60,000. ಇದನ್ನು ನೀವೇ ಬಿಡಿಸಿ ನೋಡಿ. ಮೀಟರಿಗೆ 300 ಮತ್ತು 200 ನ್ಯೂಟನ್ ಬಿಗಿಯ ಜೋಡಿಯೂ ಉತ್ತರವೇ, 400 ಮತ್ತು 150ರ ಜೋಡಿಯೂ ಉತ್ತರವೇ! ಬೇರೆ ಬೇರೆ ಸ್ಪ್ರಿಂಗ್‌ಗಳು, ಆದರೆ ರೋಹಿತ ಒಂದೇ. ಇಲ್ಲಿ ಎಷ್ಟು ನಿಖರವಾಗಿ ಅಳೆದರೂ ಪ್ರಯೋಜನವಿಲ್ಲ.

ಈಗ ಮೇಲಿನ ಡಬ್ಬಿಯನ್ನು ಅಲುಗದಂತೆ ಸ್ಟ್ಯಾಂಡಿಗೆ ಬಿಗಿದು, ಕೆಳಗಿನದನ್ನು ಮಾತ್ರ ಕಂಪಿಸಲು ಬಿಡಿ. ಶಿಖರ 2.25 ಹರ್ಟ್ಸ್‌ನಲ್ಲಿ ಬಂದರೆ ಖ 200, 1.95ರಲ್ಲಿ ಬಂದರೆ 150. ಈ ಮೂರನೆಯ ಆವೃತ್ತಿ ಮೊದಲ ಎರಡರ ನಡುವೆಯೇ ಬರಬೇಕು. ಬಾರದಿದ್ದರೆ ಲೆಕ್ಕ ಮುಂದುವರಿಸಬೇಡಿ, ಕಟ್ಟಿದ್ದೆಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿ.

ಒಂದು ತುದಿಯ ಷರತ್ತು ಬದಲಿಸಿ ಎರಡನೆಯ ರೋಹಿತ ಪಡೆಯುವ ಈ ಉಪಾಯಕ್ಕೆ ದೊಡ್ಡ ಹಿನ್ನೆಲೆಯಿದೆ. ಸ್ವೀಡನ್ನಿನ ಗಣಿತಜ್ಞ ಯೋರನ್ ಬೋರ್ಗ್ 1946ರಲ್ಲಿ, ಅಂಥ ಎರಡು ರೋಹಿತಗಳು ಸೇರಿದರೆ ಸಮೀಕರಣದೊಳಗಿನ ಅಜ್ಞಾತ ಫಲನ ಒಂದೇ ಒಂದು ಎಂದು ಸಾಧಿಸಿದರು.

ಉತ್ತರವನ್ನು ಸ್ಕೇಲಿನಿಂದ ತಾಳೆ ನೋಡಿ: 1 ಕಿಲೋ ತೂಗುಹಾಕಿದಾಗ ಕೆಳಗಿನ ಸ್ಪ್ರಿಂಗ್ 4.9 ಸೆಂಟಿಮೀಟರ್ ಹಿಗ್ಗಿದ್ದರೆ ಅದು 200, 6.5 ಹಿಗ್ಗಿದ್ದರೆ 150.