ಸ್ಯಾನ್ ಹೋಸೆಯಲ್ಲಿ ಜ್ಯೂರಿಯಾಗಿ ಕುಳಿತ ನನ್ನ ಅನುಭವ

ಅಮೆರಿಕದ ಪೌರತ್ವ ಪಡೆದ ನಮ್ಮವರ ಮನೆಗೆ ಜ್ಯೂರಿ ಸಮನ್ಸ್ ಬಂದ ಕೂಡಲೇ ಏಳುವ ಮೊದಲ ಪ್ರಶ್ನೆ, ಇದರಿಂದ ತಪ್ಪಿಸಿಕೊಳ್ಳುವುದು ಹೇಗೆ ಎಂಬುದು. ಗ್ರೀನ್ ಕಾರ್ಡ್ ಅಥವಾ ವೀಸಾದ ಮೇಲಿರುವವರು ತಾವು ಪೌರರಲ್ಲವೆಂದು ಉತ್ತರಿಸಿದರೆ ಅಲ್ಲಿಗೆ ಮುಗಿಯಿತು. ಉಳಿದವರಿಗೆ ನಾನು ಹೇಳುವುದು, ಒಮ್ಮೆಯಾದರೂ ಹೋಗಿ ಕುಳಿತು ಬನ್ನಿ ಎಂದು. ಸಾಂತಾ ಕ್ಲಾರಾ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ, ಕುಡಿದು ಕಾರು ಓಡಿಸಿದ ಆರೋಪದ ಮೊಕದ್ದಮೆಯೊಂದನ್ನು ನಿರ್ಣಯಿಸಿದ ಹನ್ನೆರಡು ಮಂದಿಯಲ್ಲಿ ನಾನೂ ಒಬ್ಬನಾಗಿದ್ದೆ.

ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲೂ ಇಂಥದ್ದೊಂದು ಸುಪೀರಿಯರ್ ಕೋರ್ಟ್ ಇದೆ. ಅದರ ಮೇಲೆ ರಾಜ್ಯದ ಮೇಲ್ಮನವಿ ನ್ಯಾಯಾಲಯ, ಅದಕ್ಕೂ ಮೇಲೆ ರಾಜ್ಯದ್ದೇ ಆದ ಸುಪ್ರೀಂ ಕೋರ್ಟ್. ಭಾರತದಲ್ಲಿ ತಾಲ್ಲೂಕು ಕೋರ್ಟಿನಿಂದ ದೆಹಲಿಯವರೆಗೆ ಒಂದೇ ಏಣಿ. ಇಲ್ಲಿ ಫೆಡರಲ್ ನ್ಯಾಯಾಲಯಗಳದ್ದು ಪ್ರತ್ಯೇಕ ಏಣಿ. ಸಾಮಾನ್ಯ ಅಪರಾಧಗಳ ಬಹುಪಾಲು ಮೊಕದ್ದಮೆಗಳು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಜ್ಯೂರಿಯ ಆಯ್ಕೆಯೇ ಒಂದು ಪಾಠ. ಆರೋಪಿಗೆ ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿಯಿರಲಿಲ್ಲವಾದ್ದರಿಂದ ಸರ್ಕಾರಿ ಖರ್ಚಿನಲ್ಲಿ ಪಬ್ಲಿಕ್ ಡಿಫೆಂಡರ್ ಬಂದಿದ್ದರು. ಗಂಭೀರ ಅಪರಾಧಗಳಲ್ಲಿ ಈ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟಿನ 1963ರ ಗಿಡಿಯನ್ ತೀರ್ಪು ಎಲ್ಲ ರಾಜ್ಯಗಳಿಗೂ ಅನ್ವಯಿಸಿದರೆ, ಜೈಲುಶಿಕ್ಷೆ ವಿಧಿಸಲಾಗುವ ಸಣ್ಣ ಅಪರಾಧಗಳಿಗೂ ಅದನ್ನು ವಿಸ್ತರಿಸಿದ್ದು 1972ರ ತೀರ್ಪು. ಆ ವಕೀಲೆ ನನ್ನ ಪಕ್ಕದವರನ್ನು, "ಈ ಗಳಿಗೆಯಲ್ಲೇ ಮತ ಹಾಕಬೇಕೆಂದರೆ ಏನು ಹೇಳುತ್ತೀರಿ?" ಎಂದು ಕೇಳಿದರು. ಇನ್ನೂ ಸಾಕ್ಷ್ಯವನ್ನೇ ಕೇಳಿಲ್ಲ, ಹೇಳಲಾಗದು ಎಂದರು ಅವರು. ನನಗೂ ಅದು ವಿವೇಕದ ಉತ್ತರವಾಗಿಯೇ ಕಂಡಿತ್ತು. ಆದರೆ ಸಾಕ್ಷ್ಯವಿಲ್ಲದ ಆ ಗಳಿಗೆಯಲ್ಲಿ ಕಾನೂನಿಗೆ ಒಪ್ಪಿತವಾದ ಮತ ಒಂದೇ, ಆರೋಪಿ ತಪ್ಪಿತಸ್ಥನಲ್ಲ ಎಂಬುದು ಎಂದು ವಕೀಲೆ ವಿವರಿಸಿದರು.

ನಮ್ಮ ಉಚ್ಚಾರಣೆ ಕೇಳಿ ಕೈಬಿಡುತ್ತಾರೆ ಎಂದು ನಂಬಿರುವ ಗೆಳೆಯರಿದ್ದಾರೆ. ಸಾಕ್ಷ್ಯವನ್ನು ಗ್ರಹಿಸುವಷ್ಟು ಇಂಗ್ಲಿಷ್ ಬೇಕು, ನಿಜ. ಆದರೆ ಜನಾಂಗದ ಕಾರಣಕ್ಕೆ ಜ್ಯೂರಿಗಳನ್ನು ಕೈಬಿಡುವುದನ್ನು 1986ರ ಬ್ಯಾಟ್ಸನ್ ತೀರ್ಪು ನಿಷೇಧಿಸಿತು. ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಗಿ, ಇಂಗ್ಲಿಷ್ ತಾಯ್ನುಡಿಯಲ್ಲ ಎಂಬುದನ್ನು ಮೇಲ್ನೋಟಕ್ಕೇ ಅಸಿಂಧುವಾದ ಕಾರಣಗಳ ಪಟ್ಟಿಗೆ ಸೇರಿಸಿದೆ. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಇದು 2022ರಿಂದ ಜಾರಿಯಲ್ಲಿದೆ. ಭತ್ಯೆಯ ಆಸೆಯಿಂದ ಮಾತ್ರ ಯಾರೂ ಹೋಗಬೇಕಾಗಿಲ್ಲ: ಮೊದಲ ದಿನ ಏನೂ ಇಲ್ಲ, ಎರಡನೆಯ ದಿನದಿಂದ ದಿನಕ್ಕೆ 15 ಡಾಲರ್.

ಆರೋಪಗಳು ಎರಡಿದ್ದವು: ಮದ್ಯದ ಪ್ರಭಾವದಲ್ಲಿ ವಾಹನ ಚಲಾಯಿಸಿದ್ದು, ಮತ್ತು ರಕ್ತದಲ್ಲಿ ಶೇ 0.08 ಅಥವಾ ಅದಕ್ಕಿಂತ ಹೆಚ್ಚು ಮದ್ಯಾಂಶವಿರುವಾಗ ಚಲಾಯಿಸಿದ್ದು. ಪ್ರಯೋಗಾಲಯದ ವರದಿಯ ಹಾಳೆಯನ್ನು ನಮ್ಮ ಕೈಗಿತ್ತು ಮುಗಿಸುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ರಕ್ತವನ್ನು ಪರೀಕ್ಷಿಸಿದ ತಜ್ಞೆಯೇ ಸಾಕ್ಷಿಕಟ್ಟೆಗೆ ಬಂದರು. ತನ್ನ ವಿರುದ್ಧದ ಸಾಕ್ಷಿಗಳನ್ನು ಎದುರುಬದುರಾಗಿ ಪ್ರಶ್ನಿಸುವ ಹಕ್ಕನ್ನು ಅಮೆರಿಕದ ಸಂವಿಧಾನದ ಆರನೆಯ ತಿದ್ದುಪಡಿ ಆರೋಪಿಗೆ ಕೊಟ್ಟಿದೆ. ಪ್ರಯೋಗಾಲಯದ ಪ್ರಮಾಣಪತ್ರಕ್ಕೂ ಅದು ಅನ್ವಯಿಸುತ್ತದೆ ಎಂದು 2009ರಲ್ಲಿ, ಪರೀಕ್ಷೆ ಮಾಡಿದವರ ಬದಲಿಗೆ ಅದರಲ್ಲಿ ಪಾಲ್ಗೊಳ್ಳದ ಸಹೋದ್ಯೋಗಿಯನ್ನು ಕಳಿಸಿದರೆ ಸಾಲದು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೂದು ಮುಚ್ಚಳದ ಕೊಳವೆಯಲ್ಲಿ ರಕ್ತ ಕೆಡದಂತೆ ಕಾಯುವ ಸೋಡಿಯಂ ಫ್ಲೋರೈಡ್ ಸಾಕಷ್ಟಿತ್ತೇ, ಲಕೋಟೆಯ ಮೊಹರು ಮೊದಲು ಒಡೆದದ್ದು ಯಾರು, ಯಂತ್ರದ ಅಳತೆಯನ್ನು ತಾಳೆ ನೋಡಿದ್ದು ಯಾವಾಗ ಎಂದು ವಕೀಲೆ ಒಂದೊಂದಾಗಿ ಕೆದಕಿದರು. ತಜ್ಞೆ ಎಲ್ಲಿಯೂ ತಡವರಿಸಲಿಲ್ಲ. ಆ ಸವಾಲನ್ನು ದಾಟಿ ಬಂದ ಬಳಿಕ ವರದಿಯ ಅಂಕಿಯ ಮೇಲೆ ನನಗೆ ಹುಟ್ಟಿದ ನಂಬಿಕೆ, ಬರಿಯ ಹಾಳೆಯನ್ನು ನೋಡಿದ್ದರೆ ಹುಟ್ಟುತ್ತಿರಲಿಲ್ಲ.

ಆರೋಪಿ ಮಾತ್ರ ಸಾಕ್ಷಿಕಟ್ಟೆ ಏರಲೇ ಇಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿ ಯಾರನ್ನೂ ತಮ್ಮ ವಿರುದ್ಧ ತಾವೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದು ಎನ್ನುತ್ತದೆ ಐದನೆಯ ತಿದ್ದುಪಡಿ. ಭಾರತದ ಸಂವಿಧಾನದ 20(3)ನೆಯ ವಿಧಿಯೂ ಅದನ್ನೇ ಹೇಳುತ್ತದೆ. ಪೌರತ್ವದ ಪರೀಕ್ಷೆಗೆ ಓದುವಾಗ ನೀರು ಕುಡಿದಷ್ಟು ಸಲೀಸಾಗಿದ್ದ ಈ ಮಾತು ಚರ್ಚೆಯ ಕೊಠಡಿಯಲ್ಲಿ ಗಂಟಲಲ್ಲಿ ನಿಂತಿತು. ತಪ್ಪು ಮಾಡದವನಾದರೆ ಬಂದು ಹೇಳಬಹುದಿತ್ತಲ್ಲ ಎಂದು ಒಬ್ಬರು ಅಂದರು, ಒಂದಿಬ್ಬರು ತಲೆದೂಗಿದರು. ನಮ್ಮ ಫೋರ್‌ಪರ್ಸನ್, ಅಂದರೆ ಜ್ಯೂರಿಯ ಮುಖ್ಯಸ್ಥರು, ವಾದಕ್ಕಿಳಿಯದೆ ನ್ಯಾಯಾಧೀಶರು ಕೊಟ್ಟಿದ್ದ ಲಿಖಿತ ಸೂಚನೆಗಳನ್ನು ತೆರೆದು, ಆರೋಪಿ ಸಾಕ್ಷ್ಯ ನುಡಿಯದಿದ್ದುದನ್ನು ಯಾವ ಕಾರಣಕ್ಕೂ ಪರಿಗಣಿಸಬಾರದು, ಅದನ್ನು ಚರ್ಚಿಸಲೂ ಬಾರದು ಎಂಬ ಭಾಗವನ್ನು ಎರಡು ಸಲ ಓದಿದರು. ಆ ವಿಷಯ ಅಲ್ಲಿಗೇ ನಿಂತಿತು. ಆರೋಪಿಯ ಮೌನವನ್ನು ಪ್ರಾಸಿಕ್ಯೂಟರ್ ಎತ್ತಿ ಆಡುವಂತಿಲ್ಲ ಎಂದು 1965ರಲ್ಲಿ ಬಂದ ಗ್ರಿಫಿನ್ ತೀರ್ಪು ಕ್ಯಾಲಿಫೋರ್ನಿಯಾದ್ದೇ ಮೊಕದ್ದಮೆ ಎಂದು ನನಗೆ ತಿಳಿದದ್ದು ಆಮೇಲೆ, ಏಕೆಂದರೆ ವಿಚಾರಣೆ ನಡೆಯುವಾಗ ನಾವು ಅಂತರ್ಜಾಲದಲ್ಲಿ ಏನನ್ನೂ ಹುಡುಕುವಂತಿರಲಿಲ್ಲ.

ತೀರ್ಪು ಸರ್ವಾನುಮತದ್ದಾಗಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದು ಹಳೆಯ ನಿಯಮ. ಆರೆಗಾನ್‌ನಲ್ಲಿ ಬಹುತೇಕ ಅಪರಾಧಗಳಿಗೆ 10–2ರ ಮತವೇ ಸಾಕಾಗಿದ್ದುದು ನಿಂತದ್ದು 2020ರ ರಾಮೋಸ್ ತೀರ್ಪಿನ ಬಳಿಕ. ರಕ್ತದ ಆರೋಪದಲ್ಲಿ ನಮಗೆ ಒಮ್ಮತ ಬಂದಿತು. ಪ್ರಭಾವದ ಆರೋಪದಲ್ಲಿ, ಅವನ ಚಾಲನೆಯಲ್ಲಿ ದೋಷವೇ ಕಾಣಲಿಲ್ಲ ಎಂಬ ಇಬ್ಬರ ನಿಲುವು ಕೊನೆಯವರೆಗೂ ಸಡಿಲವಾಗಲಿಲ್ಲ, ಅವರನ್ನು ಗದರಿಸುವ ಅಧಿಕಾರವೂ ಯಾರಿಗೂ ಇರಲಿಲ್ಲ. ತುಂಬಿದ ಕೋರ್ಟಿನಲ್ಲಿ ನಮ್ಮೊಬ್ಬೊಬ್ಬರನ್ನೂ, ಇದು ನಿಮ್ಮ ತೀರ್ಪೇ ಎಂದು ಕೇಳಿದರು. ಆರೋಪಿ ನಮ್ಮನ್ನೇ ನೋಡುತ್ತಿರುವಾಗ ಹೌದು ಎನ್ನಲು ದನಿ ಗಟ್ಟಿಯಾಗಿರಬೇಕು. ಶಿಕ್ಷೆಯ ಪ್ರಮಾಣ ನ್ಯಾಯಾಧೀಶರಿಗೆ ಬಿಟ್ಟದ್ದು, ನಮಗೆ ಅದರ ಗೊಡವೆಯಿಲ್ಲ. ಒಮ್ಮತವಾಗದ ಆರೋಪದ ಮಟ್ಟಿಗೆ ವಿಚಾರಣೆ ವಿಫಲವೆಂದು ಘೋಷಣೆಯಾಯಿತು; ಅದನ್ನು ಇನ್ನೊಂದು ಜ್ಯೂರಿಯ ಮುಂದೆ ತರಲು ಪ್ರಾಸಿಕ್ಯೂಷನ್‌ಗೆ ಅವಕಾಶವಿದೆ, ಹಾಗೆ ತಂದರೆ ಅದು ಒಂದೇ ಅಪರಾಧಕ್ಕೆ ಎರಡು ಸಲ ಗುರಿಪಡಿಸಿದಂತಾಗದು ಎಂದು ಸುಪ್ರೀಂ ಕೋರ್ಟ್ 1824ರಲ್ಲೇ ಹೇಳಿದೆ.