‘ಬಿಡ್ತು ಅನ್ನು’ ಅನ್ನದೆ ಕೇಳುವುದು

ಆ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಹಾಲ್‌ನಲ್ಲಿ 22 ಮಂದಿ ಆಶಾ ಕಾರ್ಯಕರ್ತೆಯರಿದ್ದರು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದೆ. ಒಬ್ಬರು ಇನ್ನೊಬ್ಬರನ್ನು ಒಂದೇ ಒಂದು ಪ್ರಶ್ನೆ ಕೇಳಬೇಕು: “ಸಾಯಬೇಕು ಅಂತ ಯೋಚನೆ ಬಂದಿದೆಯಾ?” ಯಾರೂ ಬಾಯಿ ಬಿಡಲಿಲ್ಲ. ಮುಂದೆ ಕೂತಿದ್ದ ಹಿರಿಯಕ್ಕ ಒಬ್ಬರು ಮೆಲ್ಲಗೆ, “ಮೇಡಂ, ಬಿಡ್ತು ಅನ್ನಿ” ಅಂದರು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಆತ್ಮಹತ್ಯೆ ತಡೆಯುವ ತರಬೇತಿ ನನ್ನ ಪಾಲಿಗೆ ಬಂದಿತ್ತು. ಲಕ್ಷಣ, ಕಾರಣ, ಅಂಕಿಅಂಶ ಎಲ್ಲ ಬರೆದುಕೊಂಡು ಹೋಗಿದ್ದೆ. ಅದನ್ನೆಲ್ಲ ಪಕ್ಕಕ್ಕಿಟ್ಟೆ. ನಮ್ಮ ಮನೆಗಳಲ್ಲಿ ಸಾವಿನ ಮಾತು ಬಂದರೆ ‘ಬಿಡ್ತು ಅನ್ನು’ ಅಂತ ತಡೆಯುತ್ತಾರೆ. ಪ್ರೀತಿಯಿಂದಲೇ ತಡೆಯುತ್ತಾರೆ. ಆದರೆ ನೊಂದವರು ಧೈರ್ಯ ಮಾಡಿ “ಇನ್ನು ಬದುಕಿ ಏನು ಮಾಡಲಿ” ಅಂದಾಗಲೂ ಸಿಗುವುದು ಅದೇ ಉತ್ತರ. ಮತ್ತೆ ಅವರು ಯಾರ ಹತ್ತಿರವೂ ಹೇಳುವುದಿಲ್ಲ.

ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದುಬಿಡುತ್ತೆ ಅನ್ನುವ ಭಯವೂ ಇತ್ತು. ಹಾಗಾಗುವುದಿಲ್ಲ. ಸಂಶೋಧನೆಗಳು ಇದನ್ನು ಮತ್ತೆ ಮತ್ತೆ ನೋಡಿವೆ. ನಾನು ಕಂಡಂತೆ, ಹೆಚ್ಚಿನವರಿಗೆ ಯಾರೋ ಕೇಳಿದರಲ್ಲ ಅಂತ ಹಗುರವಾಗುತ್ತದೆ.

ಅರ್ಧ ದಿನ ಬರೀ ಮಾತು ಹುಡುಕುವುದರಲ್ಲೇ ಕಳೆದೆವು. “ಕೆಟ್ಟ ಯೋಚನೆ ಬರುತ್ತಾ?” ಅಂದರೆ ಎಲ್ಲರೂ ‘ಇಲ್ಲ’ ಅಂತಾರೆ. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದೆವು. ನಿದ್ದೆ ಬರ್ತಿದೆಯಾ, ಊಟ ಸೇರುತ್ತಾ? ಸಾಕಪ್ಪಾ ಈ ಬದುಕು ಅನ್ನಿಸಿದ್ದುಂಟಾ? ಸಾಯಬೇಕು ಅಂತ? ಹೇಗೆ ಅಂತಲೂ ಯೋಚಿಸಿದ್ದೀರಾ? ಕೊನೆಯದಕ್ಕೆ ‘ಹೂಂ’ ಬಂದರೆ ಅವರನ್ನು ಒಂಟಿಯಾಗಿ ಬಿಟ್ಟು ಏಳುವಂತಿಲ್ಲ.

“ಮಕ್ಕಳ ಮುಖ ನೋಡಿ ಬದುಕು ಅನ್ನಬಹುದಲ್ವಾ ಮೇಡಂ?” ಅಂತ ಒಬ್ಬರು ಕೇಳಿದರು. ಬೇಡ ಅಂದೆ. ನಾನು ಇಲ್ಲದಿದ್ದರೇ ಮಕ್ಕಳಿಗೆ ಒಳ್ಳೆಯದು ಅಂತ ಆ ತಾಯಿಗೆ ಆಗಲೇ ಅನ್ನಿಸಿರಬಹುದು. ಈ ಮಾತಿನಿಂದ ಇನ್ನಷ್ಟು ಕುಗ್ಗುತ್ತಾರೆ. ಸುಮ್ನೆ ಕೇಳಿಸಿಕೊಂಡರೆ ಅದೇ ಜಾಸ್ತಿ. ಯಾರಿಗೂ ಹೇಳಲ್ಲ ಅಂತ ಆಣೆ ಮಾತ್ರ ಹಾಕಬಾರದು. “ಊರಿಗೆ ಹೇಳಲ್ಲ. ಆದರೆ ನಿಮ್ಮ ಜೀವ ಉಳಿಯಬೇಕು, ಡಾಕ್ಟರಿಗೆ ಹೇಳ್ತೀನಿ” ಅಂತ ನೇರವಾಗಿ ಹೇಳಬೇಕು.

ಪೊಲೀಸ್ ಕೇಸ್ ಭಯ ಎಲ್ಲ ಊರಲ್ಲೂ ಇದೆ. ಆ ಭಯಕ್ಕೇ ಮನೆಯವರು ಆಸ್ಪತ್ರೆಗೆ ತಡವಾಗಿ ಬರುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ನೋಡುತ್ತದೆ. ಆತ್ಮಹತ್ಯೆ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್, 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ವೈದ್ಯಕೀಯ ದಾಖಲೆ, ಬರೆಯುತ್ತಾರೆ, ನಿಜ. ಅದು ಶಿಕ್ಷೆ ಅಲ್ಲ.

ಗಂಡಸರು ನಾವು ಕರೆದ ಸಭೆಗೆ ಬರಲಿಲ್ಲ. ಹಾಗಾಗಿ ಸಂಜೆ ಹಾಲಿನ ಡೇರಿ ಹತ್ತಿರ ನಾವೇ ಹೋದೆವು. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯೊಳಗೆ ಇಡಬೇಡಿ, ಬೇಕಾದಷ್ಟೇ ತನ್ನಿ, ಬೀಗ ಹಾಕಿ, ಬೀಗದ ಕೈ ಇನ್ನೊಬ್ಬರ ಹತ್ತಿರ ಇರಲಿ ಅಂದೆ. “ಸಾಯೋನು ಬೇರೆ ದಾರಿ ಹುಡುಕಲ್ವಾ?” ಅಂದರು ಒಬ್ಬ ಅಣ್ಣ. ಬಹಳ ಸಲ ಆ ಗಳಿಗೆ ತುಂಬಾ ಚಿಕ್ಕದಣ್ಣ, ಅದೊಂದು ದಾಟಿದರೆ ಮನಸ್ಸು ತಿರುಗುತ್ತೆ ಅಂದೆ. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ, 1995ರ ನಂತರದ ಎರಡು ದಶಕಗಳಲ್ಲಿ ಆತ್ಮಹತ್ಯೆ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅದನ್ನೂ ಹೇಳಿದೆ. ಆ ಅಣ್ಣ ಕ್ಯಾನ್ ಹಿಡಿದು ಬಹಳ ಹೊತ್ತು ಅಲ್ಲೇ ನಿಂತಿದ್ದರು.

ತಿಂಗಳಾದ ಮೇಲೆ ‘ಬಿಡ್ತು ಅನ್ನಿ’ ಅಂದಿದ್ದ ಅಕ್ಕನ ಫೋನ್ ಬಂತು. “ಕೇಳಿದೆ ಮೇಡಂ. ‘ಹೂಂ’ ಅಂದಳು. ಈಗೇನು ಮಾಡಲಿ?” ದನಿ ನಡುಗುತ್ತಿತ್ತು. ಅಲ್ಲೇ ಕೂತಿರಿ, ಮನೆಯಲ್ಲಿ ಅವಳು ನಂಬುವ ಒಬ್ಬರನ್ನು ಕರೆಯಿರಿ, ಬೆಳೆಯ ಔಷಧಿ ಡಬ್ಬ ಹೊರಗೆ ಸಾಗಿಸಿ, ಆಮೇಲೆ ಇಬ್ಬರೂ ಕೂತು 14416ಕ್ಕೆ ಮಾತಾಡಿ ಅಂದೆ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಾನು ಡಾಕ್ಟರಿಗೆ ತಿಳಿಸಿದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯಕ್ಕೆಂದೇ ಇರುವ ಮನೋಚೈತನ್ಯ ಕ್ಲಿನಿಕ್‌ಗೆ ಇಬ್ಬರೂ ಒಟ್ಟಿಗೆ ಬಂದರು.

ಅಕ್ಕ ಈಗಲೂ ವಾರಕ್ಕೊಮ್ಮೆ ಆ ಮನೆಗೆ ಹೋಗುತ್ತಾರೆ. ಅಕ್ಕಪಕ್ಕದವರು ಕೇಳಿದರೆ, ಅತ್ತೆಯ ಬಿಪಿ ನೋಡೋಕೆ ಬಂದೆ ಅನ್ನುತ್ತಾರೆ.