ಬಂದರಿನ ಧೂಳು ಇಳಿಸಲು ಯಾರ ಜೊತೆ ಮಾತಾಡಬೇಕು? ನನ್ನ ಅನುಭವ

ಹಸಿರು ಬಂದರು ಅಂದ ತಕ್ಷಣ ಸೋಲಾರ್ ಫಲಕ, ಎಲೆಕ್ಟ್ರಿಕ್ ಕ್ರೇನ್ ನೆನಪಾಗುತ್ತವೆ. ದುಡ್ಡಿದ್ದರೆ ಅವನ್ನು ತಂದು ನಿಲ್ಲಿಸಬಹುದು. ಹತ್ತು ಕಡೆಯವರು ಒಪ್ಪಿದರೆ ಮಾತ್ರ ಆಗುವ ಕೆಲಸಗಳು ಬೇರೆಯೇ ಇವೆ. ಕರಾವಳಿಯ ಬಂದರೊಂದರಲ್ಲಿ ಪರಿಸರ ಸಲಹೆಗಾರಳಾಗಿ ನಾನು ಜಾಸ್ತಿ ಮಾಡಿದ್ದು ಅಂಥ ಕೆಲಸ.

ಕೇಂದ್ರದ ಬಂದರು ಸಚಿವಾಲಯ 2023ರಲ್ಲಿ ‘ಹರಿತ್ ಸಾಗರ್’ ಮಾರ್ಗಸೂಚಿ ತಂದಿತು. ಪ್ರತಿ ಟನ್ ಸರಕಿಗೆ ಹೊರಬೀಳುವ ಇಂಗಾಲವನ್ನು 2030ರೊಳಗೆ ಶೇ. 30, 2047ರೊಳಗೆ ಶೇ. 70 ಇಳಿಸಬೇಕು ಅನ್ನುವುದು ಗುರಿ. ಆದರೆ ಪಕ್ಕದ ಊರಿನವರು ಇಂಗಾಲದ ಮಾತೇ ಎತ್ತಲಿಲ್ಲ. “ಮೇಡಂ, ಅಂಗಳದಲ್ಲಿ ಬಟ್ಟೆ ಒಣಗಿಸೋ ಹಾಗಿಲ್ಲ” ಅಂದರು. ಅವರ ಕಷ್ಟ ಕಲ್ಲಿದ್ದಲಿನ ಧೂಳು. ಅಲ್ಲಿಂದಲೇ ಶುರು ಮಾಡಿದೆವು.

ಲಾರಿಗಳು ಟರ್ಪಾಲ್ ಸರಿಯಾಗಿ ಕಟ್ಟದೆ ಹೊರಡುತ್ತಿದ್ದವು. ದಂಡ ಹಾಕಿದರೂ ನಿಲ್ಲಲಿಲ್ಲ. ಸಭೆಗೆ ಬರುತ್ತಿದ್ದವರು ಲಾರಿ ಮಾಲೀಕರು, ಡ್ರೈವರ್‌ಗಳಲ್ಲ. ಹಾಗಾಗಿ ರಾತ್ರಿ ಪಾಳಿಯ ಹೊತ್ತಿಗೆ ಗೇಟಿನ ಹತ್ತಿರದ ಚಹಾ ಅಂಗಡಿಗೆ ಹೋಗಿ ಕೂತೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬರು ಹೇಳಿದರು: “ಅಕ್ಕ, ಟರ್ಪಾಲ್ ಕಟ್ಟಬೇಕಾದ್ರೆ ಲೋಡಿನ ಮೇಲೆ ಹತ್ತಬೇಕು. ಜಾರಿ ಬಿದ್ರೆ ಯಾರು ನೋಡ್ತಾರೆ?” ಅವರ ಸಂಬಳ ಟ್ರಿಪ್ ಲೆಕ್ಕದಲ್ಲಿ. ಕಟ್ಟಲು ನಿಂತರೆ ಹಿಂದಿನ ಲಾರಿಗಳು ಹಾರ್ನ್ ಹೊಡೆಯುತ್ತವೆ. ಗಾಡಿ ಪಕ್ಕಕ್ಕೆ ಹಾಕಲು ಜಾಗವೇ ಇಲ್ಲ. ಇದು ಸೋಮಾರಿತನ ಅಲ್ಲವೇ ಅಲ್ಲ.

ಪರಿಹಾರವನ್ನೂ ಅವರೇ ಹೇಳಿದರು. ಲಾರಿ ತೂಕ ಮಾಡುವ ವೇಬ್ರಿಡ್ಜ್ ದಾಟಿದ ಮೇಲೆ ಲಾರಿಯ ಎತ್ತರಕ್ಕೆ ಎರಡೂ ಕಡೆ ಕಟ್ಟೆ, ಹಿಡಿದುಕೊಳ್ಳಲು ಕಂಬಿ. ಅದರ ಮೇಲೆ ನಿಂತರೆ ಲೋಡಿಗೆ ಹತ್ತದೆಯೇ ಕಟ್ಟಬಹುದು. ಖರ್ಚು ಯಾರದು ಅನ್ನುವುದಕ್ಕೇ ಹೆಚ್ಚು ಸಭೆ ಹಿಡಿಯಿತು. ಕೊನೆಗೆ ಕಟ್ಟೆ ಸರಕು ಇಳಿಸುವ ಟರ್ಮಿನಲ್‌ನವರದು, ಹೊಸ ಟರ್ಪಾಲ್ ಮಾಲೀಕರದು ಎಂದಾಯಿತು.

ಕ್ರೇನ್ ಆಪರೇಟರ್‌ಗಳಿಂದ ಇನ್ನೊಂದು ವಿಷಯ ತಿಳಿಯಿತು. ಕಲ್ಲಿದ್ದಲು ತುಂಬಿದ ಗ್ರ್ಯಾಬ್ (ಕ್ರೇನಿನ ದೊಡ್ಡ ಬಾಚುಗೈ) ಅನ್ನು ಮೇಲಿನಿಂದಲೇ ತೆರೆದರೆ ಧೂಳು ಏಳುತ್ತದೆ, ಕೆಳಗಿನ ಹಾಪರ್ ಎಂಬ ದೊಡ್ಡ ಆಲಿಕೆಯ ಬಾಯಿಯವರೆಗೆ ಇಳಿಸಿ ತೆರೆದರೆ ಕಡಿಮೆ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹಾಗೆ ಮಾಡಿದರೆ ಪ್ರತಿ ಸಲವೂ ಸ್ವಲ್ಪ ಹೊತ್ತು ಹೋಗುತ್ತದೆ, ಹಡಗು ತಡವಾದರೆ ಡೆಮರೇಜ್, ಅಂದರೆ ತಡವಾದದ್ದಕ್ಕೆ ಕೊಡಬೇಕಾದ ಹಣ, ಬೀಳುತ್ತದೆ. ಆಪರೇಟರ್‌ಗಳಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ ಅಲ್ವಾ? ಮಾತಾಡಬೇಕಿದ್ದು ದಿನದ ಟನ್ ಲೆಕ್ಕ ಕೇಳುವವರ ಜೊತೆ. ಜೋರು ಗಾಳಿಯ ಹೊತ್ತಿನಲ್ಲಿ ಆ ಲೆಕ್ಕವನ್ನು ಸಡಿಲ ಮಾಡಲು ಅವರು ಒಪ್ಪಿದರು.

ಧೂಳು ಅಳೆಯುವ ಪಾತ್ರೆಗಳನ್ನು ಊರಿನ ಕೆಲವು ಮನೆಗಳ ತಾರಸಿಯಲ್ಲೇ ಇಟ್ಟೆವು. ಫಲಿತಾಂಶವನ್ನು ಪಂಚಾಯಿತಿ ಕಚೇರಿಯ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಿದೆವು. ಧೂಳು ಜಾಸ್ತಿಯಾದ ತಿಂಗಳನ್ನು ಮುಚ್ಚಿಡಬಾರದು ಎಂದು ನಾನು ಹಟ ಹಿಡಿದೆ. ಅದಾದ ಮೇಲೆಯೇ ಜನ ನಮ್ಮ ಅಂಕಿಗಳನ್ನು ನಂಬಿದ್ದು.

ಬಂದರಿನಲ್ಲಿ ಹಡಗು ಕಂಪನಿಗಳ ಕೆಲಸ ನೋಡಿಕೊಳ್ಳುವ ಶಿಪ್ ಏಜೆಂಟರ ಜೊತೆ ಮಾತು ಬೇರೆ ರೀತಿಯದು. 2020ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ. 3.5ರಿಂದ 0.5ಕ್ಕೆ ಇಳಿದಿದೆ. ಕಡಿಮೆ ಗಂಧಕದ ಇಂಧನದ ಖರ್ಚು ಆಗಲೇ ಮೈಮೇಲಿದೆ ಎಂದರು. ಬರ್ತಿನಲ್ಲಿ (ಹಡಗು ಕಟ್ಟಿ ನಿಲ್ಲಿಸುವ ಜಾಗದಲ್ಲಿ) ನಿಂತ ಹಡಗು ತನ್ನ ಎಂಜಿನ್ ನಿಲ್ಲಿಸಿ ದಡದ ಕರೆಂಟ್ ತೆಗೆದುಕೊಳ್ಳಲಿ ಎಂಬುದು ನಮ್ಮ ಆಸೆ. ಆದರೆ ನಮ್ಮ ಕರೆಂಟ್ 50 ಹರ್ಟ್ಸ್, ಬಹಳಷ್ಟು ಹಡಗುಗಳದು 60. 50 ಅನ್ನು 60 ಮಾಡುವ ಪರಿವರ್ತಕ ದುಬಾರಿ. ವರ್ಷಕ್ಕೊಮ್ಮೆ ಬರುವ ಹಡಗಿಗಾಗಿ ಯಾರು ಹಾಕುತ್ತಾರೆ? ಹಾಗಾಗಿ ದಿನವೂ ಇಲ್ಲೇ ಇರುವ ಟಗ್‌ಗಳಿಗೆ (ಹಡಗುಗಳನ್ನು ಎಳೆದು ತಳ್ಳುವ ದೋಣಿಗಳಿಗೆ) ಮೊದಲು ಕರೆಂಟ್ ಕೊಡೋಣ ಎಂದು ಒಪ್ಪಿಕೊಂಡೆವು.

ಮೀನುಗಾರರನ್ನು ನೋಡಲು ಜೂನ್, ಜುಲೈ ಒಳ್ಳೆಯದು. ಆಗ ಮೀನುಗಾರಿಕೆ ನಿಷೇಧ, ಬಲೆ ರಿಪೇರಿ ಮಾಡುತ್ತಾ ದಡದಲ್ಲೇ ಇರುತ್ತಾರೆ. ಮಳೆಗಾಲದ ಮುಂಚೆ ಕಿನಾರೆಗೆ ಬಂದು ಬೀಳುವ ಟಾರ್ ಉಂಡೆಗಳ (ಸಮುದ್ರಕ್ಕೆ ಸೇರಿ ಗಟ್ಟಿಯಾದ ಎಣ್ಣೆಯ ಉಂಡೆಗಳ) ಬಗ್ಗೆ ಅವರಿಗೆ ತುಂಬ ಸಿಟ್ಟಿದೆ. ಅದು ನ್ಯಾಯವಾದ ಸಿಟ್ಟು. ಹಡಗಿನ ಎಣ್ಣೆ ಕೊಳೆಯನ್ನು ಬಂದರಿನಲ್ಲಿ ಕೊಡುವುದು ದುಬಾರಿಯಾದಷ್ಟೂ ಕದ್ದು ಸಮುದ್ರಕ್ಕೆ ಬಿಡುವ ಆಸೆ ಹೆಚ್ಚುತ್ತದೆ. ಬಾಲ್ಟಿಕ್ ಸಮುದ್ರದ ಅನೇಕ ಬಂದರುಗಳಲ್ಲಿ ಕೊಳೆ ಕೊಟ್ಟರೂ ಕೊಡದಿದ್ದರೂ ಅದರ ಖರ್ಚು ಬಂದರು ಶುಲ್ಕದಲ್ಲೇ ಸೇರಿರುತ್ತದೆ. ಇದನ್ನು ಹೇಳಿದಾಗ ಏಜೆಂಟರೂ ಮೀನುಗಾರರೂ ಮೊದಲ ಸಲ ಒಂದೇ ಕಡೆ ನಿಂತರು. ನಮ್ಮಲ್ಲಿ ಶುಲ್ಕದ ಚರ್ಚೆ ಇನ್ನೂ ನಡೆದಿದೆ. ಮುಂದಿನ ಸಭೆ ಜೂನ್‌ನಲ್ಲಿ, ಮೀನುಗಾರರ ದಕ್ಕೆಯಲ್ಲಿ.